ರಂಪಿಗೆಯ ಬರೆ

ಹೊಲಿಗೆ ಮೆಷಿನ್ನು ಬಸ್ಸಿನ ಟಾಪಿನಿಂದ ಕೆಳಗಿಳಿದ ದಿನವೇ ದೊಡ್ಡಮುನಿಯಪ್ಪನ ಮನೆಯಲ್ಲಿ ಮಾತು ಕೆಟ್ಟಿತು. ಬೆಂಗಳೂರಿಗೆ ಹತ್ತಿರದ ವಿಜಯಪುರದ ಬಸ್ ನಿಲ್ದಾಣದಿಂದ ಸಂತೆ ಮೈದಾನಕ್ಕೆ ಹೋಗುವ ದಾರಿಯಲ್ಲಿ ಅವನದೊಂದು ಚಪ್ಪಲಿ ಅಂಗಡಿ. ಮುಂದೆ ತಗಡಿನ ಚಪ್ಪರ, ಅದರ ಹಿಂದೆ ಎರಡಂಕಣದ ಮನೆ, ಹಿತ್ತಲಲ್ಲಿ ತೊಗಲು ಹದ ಮಾಡುವ ಎರಡು ಕಲ್ಲುತೊಟ್ಟಿ. ಒಂದು ಸುಣ್ಣದ್ದು, ಇನ್ನೊಂದು ತಂಗಡಿ ಗಿಡದ ತೊಗಟೆಚಕ್ಕೆಯದು. ಮಗ ವೆಂಕಟರಮಣಪ್ಪ ಬೆಂಗಳೂರಿನಿಂದ ಯಾರೋ ಬಳಸಿಬಿಟ್ಟ ಹಳೆಯ ಮೆಷಿನ್ನನ್ನು ಹೊರಿಸಿಕೊಂಡು ಬಂದವನು, ಜಾಗ ಹುಡುಕುತ್ತ ನೆಟ್ಟಗೆ ಹೋಗಿ ಅಪ್ಪ ಕೂರುವ ಚಾಪೆಯ ಪಕ್ಕದಲ್ಲೇ ನಿಂತ.

"ಅಪ್ಪ, ಒಂಚೂರು ಆ ಕಡೆ ಜರುಗು."

"ಮದುವೆಯಾದಾಗಿಂದ ಇಲ್ಲೇ ಕೂತಿದೀನಿ. ಈಗ ಜರುಗು ಅಂತೀಯಾ?"

"ಬೆಳಕು ಬೀಳೋದು ಇದೊಂದೇ ಕಡೆ. ಮೆಷಿನ್ನಿಗೆ ಬೆಳಕು ಬೇಕಲ್ಲ."

"ನನ್ನ ಕಣ್ಣಿಗೆ ಬೇಡ್ವಾ?"

ಒಳಗಿನಿಂದ ದೊಡ್ಡಮುನಿಯಪ್ಪನ ಹೆಂಡತಿ ಮುತ್ಯಾಲಮ್ಮ ಕೂಗಿದಳು: "ಅಪ್ಪ ಮಕ್ಕಳಿಬ್ಬರೂ ಸುಮ್ಕಿರಿ. ಹಬ್ಬಕ್ಕೆ ಅಂತ ಮಗಳು ಬಂದವಳೆ. ಅವಳ ಮುಂದೆ ಬೀದಿ ನಾಟಕ ಬೇಡ."

ದೊಡ್ಡಮುನಿಯಪ್ಪ ಜರುಗಿದ. ಆದರೆ ಜರುಗಿದ ರೀತಿ ಇಡೀ ಬೀದಿಗೆ ಕಾಣುವಂತಿತ್ತು. ಚಾಪೆ, ಅಡಿಗಲ್ಲು, ದಬ್ಬಣದ ಡಬ್ಬಿ, ಮೇಣದ ಉಂಡೆ, ತೊಗಲು ಕೊಯ್ಯುವ ಅರ್ಧಚಂದ್ರಾಕಾರದ ರಂಪಿಗೆ, ಒಂದೊಂದನ್ನೂ ಎತ್ತಿ ಮೂಲೆಗೆ ಇಟ್ಟು ಮತ್ತೆ ಬಂದು ಇನ್ನೊಂದನ್ನು ಎತ್ತಿಕೊಂಡು ಹೋದ. ಮಗ ಸಹಾಯಕ್ಕೆ ಕೈ ಹಾಕಿದರೆ ಆ ಕೈಯನ್ನು ತಳ್ಳಿದ. ಈ ಮನುಷ್ಯನಿಗೆ ಸಿಟ್ಟು ಬಂದರೆ ಬೈಯುವುದಕ್ಕಿಂತ ಕೆಲಸ ಮಾಡಿ ತೋರಿಸುವುದು ಹೆಚ್ಚು. ಅದನ್ನು ತಾಳಿಕೊಳ್ಳುವುದು ಬೈಗಳಿಗಿಂತ ಕಷ್ಟ.

ಮಧ್ಯಾಹ್ನ ಮುದ್ದೆಗೆ ಹುರುಳಿಕಾಳು ಬಸ್ಸಾರು. ಸೊಸೆ ಕದಿರಮ್ಮ ಬಡಿಸುತ್ತಲೇ ತನ್ನ ಹಳೆಯ ದೂರು ತೆಗೆದಳು. ಅವಳು ಹೊಸಕೋಟೆ ಕಡೆಯವಳು. ತೌರಿನಲ್ಲಿ ಅಣ್ಣ ಸ್ಕೂಲು ಮೇಷ್ಟ್ರು, ತೊಗಲಿನ ಕೆಲಸ ಬಿಟ್ಟು ಒಂದು ತಲೆಮಾರು ಕಳೆದಿತ್ತು.

"ಅತ್ತೆ, ಸುಣ್ಣದ ವಾಸನೆ ಅಡಿಗೆಮನೆಗೂ ಬಂದ್ಬಿಡ್ತದೆ. ನಮ್ಮಣ್ಣ ಬಂದಾಗ ಒಂದು ಲೋಟ ನೀರು ಕುಡೀದೆ ಎದ್ದೋದ."

"ಬಾಯಾರಿಕೆ ಇರಲಿಲ್ಲವೇನೋ," ಎಂದ ದೊಡ್ಡಮುನಿಯಪ್ಪ.

ವೆಂಕಟರಮಣಪ್ಪ ಹೆಂಡತಿಯ ಪಕ್ಷ ವಹಿಸಿದ. "ಅಪ್ಪ, ಈಗ ಯಾರು ಮನೇಲಿ ಹದ ಮಾಡ್ತಾರೆ? ಬೆಂಗಳೂರಲ್ಲಿ ಕಾರ್ಖಾನೇಲಿ ಹದ ಮಾಡಿದ ಕ್ರೋಮ್ ಚರ್ಮ ಸಿಗ್ತದೆ, ಕತ್ತರಿಸು, ಸಲ್ಯೂಷನ್ ಹಚ್ಚು, ಮೆಷಿನ್ನಲ್ಲಿ ಎಳಿ. ಒಂದು ಹೊತ್ತಿಗೆ ನಾಲ್ಕು ಜೊತೆ. ನೀನು ಒಂದು ತೊಗಲು ಸುಣ್ಣದಿಂದ ತೆಗೆದು, ಚಕ್ಕೆ ತುಂಬಿ, ಎಣ್ಣೆ ಉಣ್ಸೋ ಹೊತ್ತಿಗೆ ಸಂತೆಯೇ ಮುಗಿದೋಗಿರ್ತದೆ."

"ನಿನ್ನ ನಾಲ್ಕು ಜೊತೆ ಒಂದು ಮಳೆಗಾಲಕ್ಕೆ. ನನ್ನ ಒಂದು ಜೊತೆ ರೈತನ ಕಾಲಲ್ಲಿ ಮೂರು ವರ್ಷ. ಒಂದು ಒಳ್ಳೆ ತೊಗಲು ತಂದುಕೊಡು, ಪಕ್ಕದಲ್ಲಿಟ್ಟು ತೋರಿಸ್ತೀನಿ."

"ತರೋಕೆ ಎಲ್ಲೈತೆ? ಯಾವ ಊರಲ್ಲೂ ನಮ್ಮೋರು ಸತ್ತ ದನ ಮುಟ್ತಿಲ್ಲ."

ಆ ಮಾತಿಗೆ ದೊಡ್ಡಮುನಿಯಪ್ಪನ ಕೈ ತಟ್ಟೆಯಲ್ಲೇ ನಿಂತಿತು. ನಿಜವೇ. ಬಾವಿಗಳಿಗೆ ಕರೆಂಟಿನ ಪಂಪು ಬಂದು ಎತ್ತು ಕಟ್ಟಿ ಎಳೆಸುವ ಕಪಿಲೆ ನಿಂತ ಮೇಲೆ ನೀರೆತ್ತುವ ತೊಗಲಿನ ಬಾನಿ ಕೇಳುವವರಿಲ್ಲವಾದರು. ಆಮೇಲೆ ಊರೂರಿನ ಕೇರಿಗಳು ಒಂದಾಗಿ, ಗೌಡರ ಮನೆಯ ಸತ್ತ ದನ ಹೊರುವುದಿಲ್ಲ, ತಮ್ಮ ದನವೇ ಸತ್ತರೂ ಸುಲಿಯುವುದಿಲ್ಲ ಎಂದು ಆಣೆ ಹಾಕಿಕೊಂಡವು. ಮಗಳನ್ನು ಕೊಟ್ಟ ಕುಂದಾಣದ ಪಕ್ಕದ ಹಳ್ಳಿಯಲ್ಲಿ ಆಣೆಗೆ ಮೊದಲು ನಿಂತವನು ಅಳಿಯ ಲಕ್ಷ್ಮಯ್ಯನೇ. ಬೆಂಗಳೂರಿನ ಕಾರ್ಖಾನೆಗೆ ಬೆಳಗಿನ ಬಸ್ಸಿನಲ್ಲಿ ಹೋಗಿ ಬರುವ ಹುಡುಗ. ಮಾರಮ್ಮನ ಗುಡಿಯ ಮುಂದೆ ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ.

"ಅವರು ಮಾಡಿದ್ದು ತಪ್ಪು ಅನ್ನಲ್ಲ ನಾನು," ಎಂದ ದೊಡ್ಡಮುನಿಯಪ್ಪ. "ಆ ಹೆಣ ಹೊತ್ತೂ ಹೊತ್ತೂ ನನ್ನ ಹೆಗಲೂ ಸವೆದೈತೆ. ಆದರೆ ಒಳ್ಳೆ ತೊಗಲು ಮಣ್ಣಲ್ಲಿ ಕೊಳೀತದಲ್ಲ, ಅದನ್ನ ನೆನೆಸಿಕೊಂಡ್ರೆ ಅನ್ನ ಇಳಿಯಲ್ಲ. ಸಾಯೋಕೆ ಮುಂಚೆ ಒಂದೇ ಒಂದು ತೊಟ್ಟಿ ತುಂಬಿದ್ರೆ ಸಾಕು."

ಮಗಳು ಮುನಿರತ್ನಮ್ಮ ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಐದು ತಿಂಗಳ ಬಸುರಿ. ಅವಳು ಯಾವ ಪಕ್ಷವನ್ನೂ ಹಿಡಿಯಲಿಲ್ಲ.

"ಕೆಂಪಿ ಹೆಂಗವಳೆ?" ಎಂದು ಕೇಳಿದ ಅಪ್ಪ. ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟ ಹಸು ಅದು.

"ಯಾಕೋ ಮೇವು ಬಿಟ್ಟವಳೆ ಅಪ್ಪ."

"ಹಿಂಡಿ ಕಮ್ಮಿ ಮಾಡಿ, ಬೆಲ್ಲದ ನೀರು ಕುಡ್ಸು. ಹೆರಿಗೆಗೆ ನೀನು ಇಲ್ಲಿಗೆ ಬರುವಾಗ ಅವಳನ್ನೂ ಹೊಡಕೊಂಡು ಬಾ. ಬಾಣಂತಿಗೆ ಹಾಲಾಗ್ತದೆ."

ಸಂಜೆ ಬಸ್ಸಿಗೆ ಅವಳು ಹೋದಳು. ಅವಳು ಹೋದ ಮೇಲೆ ಮನೆಯಲ್ಲಿ ತಂದೆ ಮಗ ಒಂದೇ ಚಪ್ಪರದಡಿ ಎರಡು ಅಂಗಡಿ ನಡೆಸುವವರಂತೆ ಕೂತರು. ಮಗ ಪೆಡಲು ತುಳಿದು ಹೊಲಿದರೆ, ಅಪ್ಪ ಮೂಲೆಯಲ್ಲಿ ದಾರಕ್ಕೆ ಮೇಣ ತೀಡುತ್ತ ಗಿರಾಕಿ ಉಂಗುಷ್ಠ ಹರಿದ ಚಪ್ಪಲಿ ತರಲಿ ಎಂದು ಕಾಯುತ್ತಿದ್ದ. ಮೆಷಿನ್ನಿನ ದಾರ ತುಂಡಾದಾಗಲೆಲ್ಲ ಅವನಿಗೆ ಖುಷಿ. ಅದನ್ನು ಮುಚ್ಚಿಡುವಷ್ಟು ದೊಡ್ಡ ಮನಸ್ಸು ಅವನದಲ್ಲ. ಬೇಕೆಂದೇ ಕೆಮ್ಮುತ್ತಿದ್ದ.

ಕೆಮ್ಮು ಕೇಳಿ ಕೇಳಿ ಸಾಕಾಗಿಯೇ ಇರಬೇಕು, ಒಂದು ಬೆಳಗ್ಗೆ ವೆಂಕಟರಮಣಪ್ಪ ಗೋಣಿಚೀಲದಲ್ಲಿ ಒಂದು ಹಸಿ ತೊಗಲನ್ನು ತಂದು ಅಪ್ಪನ ಮುಂದೆ ಇಳಿಸಿದ. ಸೈಕಲ್ಲಿನಲ್ಲಿ ಹಳ್ಳಿ ಸುತ್ತಿ ತೊಗಲು ಕೊಳ್ಳುವ ಬುಡನ್ ಸಾಬ್ ಮಾರಿ ಹೋಗಿದ್ದ.

"ತಗೋ. ಕೇಳ್ತಿದ್ದೆಯಲ್ಲ. ಇದೊಂದು ಮುಗಿಸು, ಆಮೇಲೆ ತೊಟ್ಟಿ ಮುಚ್ಚಿಬಿಡಣ."

ಉಪ್ಪು ಹೊಡೆದು, ಮಾಂಸದ ಕಡೆ ಒಳಮುಖ ಮಾಡಿ ಬಿಗಿಯಾಗಿ ಸುತ್ತಿದ್ದ ತೊಗಲು. ಮೇಲೆಲ್ಲ ಕೆಸರು, ಸಗಣಿ. ಯಾವ ಊರಿನದು, ಯಾರ ದನ ಎಂದು ಅವನು ಕೇಳಲಿಲ್ಲ. ಹಸಿದವನು ಅನ್ನದ ಊರು ಕೇಳುತ್ತಾನೆಯೇ? ಮೊದಲು ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿದ. ಆಮೇಲೆ ಹಾಗೆಯೇ ಸುಣ್ಣದ ತೊಟ್ಟಿಗೆ ಇಳಿಸಿ ದಿನಕ್ಕೆರಡು ಸಲ ಕೋಲಿನಿಂದ ತಿರುವಿದ. ಒಂದು ವಾರ ಅವನ ಬಾಯಲ್ಲಿ ಹಾಡೊಂದು ಬಿಟ್ಟರೆ ಬೇರೆಲ್ಲ ಇತ್ತು: ತಂಗಡಿ ಚಕ್ಕೆ ಯಾವ ಕಡೆಯದು ಒಳ್ಳೆಯದು, ತೊಗಲನ್ನು ಚೀಲದ ಹಾಗೆ ಹೊಲಿದು ಚಕ್ಕೆ ತುಂಬಿ ನೇತುಹಾಕಿದರೆ ರಸ ಹೇಗೆ ಇಳಿಯುತ್ತದೆ, ಕೊನೆಗೆ ಹರಳೆಣ್ಣೆ ಎಷ್ಟು ಕುಡಿಸಬೇಕು. ಕೇಳುವವರಿರಲಿಲ್ಲ. ಮುತ್ಯಾಲಮ್ಮ ಮಾತ್ರ "ಹೂಂ, ಹೂಂ" ಎನ್ನುತ್ತ ರಾಗಿ ಕೇರುತ್ತಿದ್ದಳು.

ಕೂದಲು ಹೆರೆಯುವ ದಿನ ಮುತ್ಯಾಲಮ್ಮ ಫ್ಲೋರ್ ಮಿಲ್ಲಿಗೆ ಹೋಗಿದ್ದಳು, ಮಗ ಅಂಗಡಿಯಲ್ಲಿದ್ದ. ನೀರು ಹುಯ್ಯಲು ಕದಿರಮ್ಮನೇ ಬರಬೇಕಾಯಿತು. ಮೂಗಿಗೆ ಸೆರಗು ಕಟ್ಟಿಕೊಂಡು ತಂಬಿಗೆ ಹಿಡಿದು ನಿಂತಳು. ದೊಡ್ಡಮುನಿಯಪ್ಪ ತೊಗಲನ್ನು ಮರದ ದಿಮ್ಮಿಯ ಮೇಲೆ ಕೂದಲು ಮೇಲಾಗಿ ಹಾಸಿ, ಮೊಂಡು ಕತ್ತಿಯಿಂದ ಮೇಲಿನಿಂದ ಕೆಳಗೆ ತಳ್ಳುತ್ತ ಹೋದ. ಸುಣ್ಣ ತಿಂದ ಕೂದಲು ಗಂಟುಗಂಟಾಗಿ ಉದುರಿ ಬಿಳಿ ತೊಗಲು ಕಾಣಿಸಿತು.

"ನೋಡಮ್ಮ ಕದಿರಿ, ಎಷ್ಟು ಸೊಗಸಾಗೈತೆ. ಇಲ್ಲಿ ಹುಯ್ಯಿ ನೀರು. ಈ ಪಕ್ಕೆ ಮೇಲೆ."

ಅವಳು ಹುಯ್ದಳು. ನೀರು ಹರಿದು ಹೋದ ಕಡೆ ತೊಗಲಿನ ಮೇಲೆ ಒಂದು ಬರೆ ಎದ್ದು ಕಾಣಿಸಿತು. ಅರ್ಧಚಂದ್ರದ ಆಕಾರ, ಒಂದು ತುದಿ ಮುರಿದಿತ್ತು.

ಮುದುಕನ ಕೈಯಿಂದ ಕತ್ತಿ ಜಾರಿ ಕಾಲ ಮೇಲೆ ಬಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ. ಬಗ್ಗಿ ಬರೆಯ ಮೇಲೆ ಬೆರಳಾಡಿಸಿದ.

"ಮಾವ, ಏನಾಯ್ತು?"

"ಇದು ಕೆಂಪಿ," ಎಂದ.

ಕೆಂಪಿ ಕರುವಾಗಿದ್ದಾಗ ಹೊಟ್ಟೆಯುಬ್ಬರ ಬಂದು ಸಾಯುವ ಹಾಗಾಗಿತ್ತು. ಬರೆ ಹಾಕುವ ಕಬ್ಬಿಣ ತರಲು ಹೊತ್ತಿಲ್ಲದೆ ಅವನು ತನ್ನ ರಂಪಿಗೆಯನ್ನೇ ಕೆಂಪಗೆ ಕಾಸಿ ಪಕ್ಕೆಗೆ ಒತ್ತಿದ್ದ. ಅದರ ಒಂದು ತುದಿ ಆಗಲೇ ಮುರಿದಿತ್ತು. ಹಾಗಿರುವ ಬರೆ ಈ ಸೀಮೆಯಲ್ಲೇ ಇನ್ನೊಂದು ದನಕ್ಕಿಲ್ಲ. ಮೇಲೆ ಕೂದಲು ಬೆಳೆದು ಮುಚ್ಚಿದ್ದದ್ದು ಈಗ ಬಯಲಾಗಿತ್ತು.

ಯಾವ ತೊಗಲು ಬಂದರೂ ಮೊದಲು ಮಾಂಸದ ಕಡೆ ತಿರುಗಿಸಿ ನೋಡಬೇಕು, ಸುಲಿದವನ ಕೈ ಅಲ್ಲಿ ಕಾಣುತ್ತದೆ ಎಂದು ಎಲ್ಲರಿಗೂ ಪಾಠ ಹೇಳಿದವನು ಅವನು. ಅಂದು ತಿರುಗಿಸಲಿಲ್ಲ. ಅಂಗಡಿಗೆ ನುಗ್ಗಿ ರಂಪಿಗೆ ತಂದು, ದಿಮ್ಮಿಯ ಮೇಲಿದ್ದ ತೊಗಲಿನ ನಟ್ಟನಡುವೆ ಚುಚ್ಚಿ, ಬರೆಯ ಸುತ್ತ ಒಂದು ತುಂಡನ್ನು ಕಿತ್ತು ತೆಗೆದ. ಹಿಂದೆಯೇ ಓಡಿಬಂದ ವೆಂಕಟರಮಣಪ್ಪ ಅದನ್ನು ನೋಡಿ ನಿಂತುಬಿಟ್ಟ. ತೊಗಲಿಗೆ ಒಂದು ಗೀರು ಬಿದ್ದರೆ ಊಟ ಬಿಡುತ್ತಿದ್ದ ಅಪ್ಪ ಇಡೀ ತೊಗಲನ್ನು ತೂತು ಮಾಡಿದ್ದ.

"ಅಪ್ಪ, ನಿಂಗೇನು ಹುಚ್ಚು ಹಿಡಿದೈತಾ?"

"ಇದು ಕೆಂಪಿ ಕಣೋ. ಹಸು ಸತ್ರೆ ಹೇಳಿ ಕಳ್ಸದೋರು ಮಗಳು ಸತ್ರೆ ಹೇಳ್ತಾರೇನೋ? ಕಟುಕರಿಗೆ ಮಾರವ್ನೆ ಅಳಿಯ. ನನ್ನ ಮಗಳು ಹೆಂಗವಳೋ ಏನೋ."

"ತಡಿ, ನಾನೂ ಬತ್ತೀನಿ."

ಅವನು ತಡೆಯಲಿಲ್ಲ. ತುಂಡನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು, ಸುಣ್ಣದ ಕೈಯಲ್ಲೇ ಹೊರಟುಬಿಟ್ಟ.

ಭಾನುವಾರವಾದ್ದರಿಂದ ಲಕ್ಷ್ಮಯ್ಯ ಮನೆಯಲ್ಲೇ ಇದ್ದ. ದೊಡ್ಡಮುನಿಯಪ್ಪ ಕೇರಿಯ ತುದಿಯಿಂದಲೇ ಕೂಗುತ್ತ ಬಂದ.

"ನನ್ನ ಮಗಳೆಲ್ಲಿ? ಎಲ್ಲಿ ನನ್ನ ಮಗಳು?"

ಮುನಿರತ್ನಮ್ಮ ಬಾಗಿಲಿಗೆ ಬಂದಳು. ಅವಳನ್ನು ಕಣ್ಣಾರೆ ಕಂಡು ಕೂಗು ನಿಲ್ಲಿಸಿದ. ಜಗಲಿ ಹಿಡಿದು ನಿಂತ. ಜೀವ ಬಂತು, ಜೀವದ ಜೊತೆ ಸಿಟ್ಟೂ ಬಂತು.

"ಏನಯ್ಯಾ, ಮಾರೋಕೆ ಬೇರೆ ಏನೂ ಸಿಗಲಿಲ್ವಾ ನಿನಗೆ? ಬಸುರಿ ಹೆಂಗ್ಸಿನ ಹಾಲಿಗೆ ಅಂತ ಕೊಟ್ಟ ಹಸು ಕಟುಕನ ಪಾಲು ಮಾಡಿದ್ಯಲ್ಲ."

ಲಕ್ಷ್ಮಯ್ಯ ಬೆಪ್ಪಾದ. "ಮಾವ, ಏನಂತಿದೀರಿ? ಕೆಂಪಿ ಕಾಯಿಲೆಯಿಂದ ಸತ್ತಳು. ನಿಮಗೆ ಹೇಳಿ ಕಳಿಸಣ ಅಂದ್ರೆ ಇವಳೇ ಬೇಡ ಅಂದ್ಲು, ಅಪ್ಪ ನೊಂದ್ಕೋತಾರೆ ಅಂತ. ಹೊಲದ ಅಂಚಲ್ಲಿ ಇಡೀ ಕೇರಿ ಸೇರಿ ಗುಣಿ ತೋಡಿ ಮಲಗಿಸಿದೀವಿ. ಯಾರನ್ನ ಬೇಕಾದ್ರೂ ಕೇಳಿ."

"ಹಂಗಾದ್ರೆ ಇದೇನು?"

ಗೋಣಿ ಬಿಚ್ಚಿ ತುಂಡನ್ನು ಜಗಲಿಯ ಮೇಲೆ ಎಸೆದ. ಅಷ್ಟು ಹೊತ್ತಿಗೆ ಕೇರಿಯ ಗಂಡಸರು ಹೆಂಗಸರು ನೆರೆದಿದ್ದರು. ಒದ್ದೆ ತೊಗಲಿನ ತುಂಡು ನೋಡಿ ಮುಂದಿದ್ದವರು ಹಿಂದೆ ಸರಿದರು. ಆಣೆ ಹಾಕಿದ ಮೇಲೆ ಆ ಕೇರಿಯೊಳಗೆ ಬಂದ ಮೊದಲ ತೊಗಲು ಅದು.

ಕೇರಿಯ ಯಜಮಾನ ಮುನಿಶಾಮಪ್ಪ ಮುಂದೆ ಬಂದ. ವಯಸ್ಸಾದವನು, ಮೆತ್ತಗಿನ ಮಾತು. ಆಣೆ ಮಾಡಿದ ವರ್ಷ ಗೌಡರು ಒಂದು ಸುಗ್ಗಿಯಿಡೀ ಯಾರಿಗೂ ಕೂಲಿ ಕೊಡದೆ ಕೇರಿಯನ್ನು ಒಣಗಿಸಿದ್ದಾಗ, ಗೆಡ್ಡೆಗೆಣಸು ಹಂಚಿ ಎಲ್ಲರನ್ನೂ ಹಿಡಿದು ನಿಲ್ಲಿಸಿದವನು ಅವನು.

"ಇದು ಕೆಂಪೀದೇ ಅಂತೀಯೇನಪ್ಪಾ?"

"ನನ್ನ ರಂಪಿಗೆ ಬರೆ. ನಾನೇ ಹಾಕಿದ್ದು."

"ಹಂಗಾದ್ರೆ ಗುಣಿ ತೆಗೀರಿ," ಎಂದ ಮುನಿಶಾಮಪ್ಪ.

ಹೊಲದ ಅಂಚಿಗೆ ಎಲ್ಲರೂ ಹೋದರು. ಹಾರೆ ಬಿದ್ದು ಮಣ್ಣು ಸರಿದಂತೆ ನಾತ ಎದ್ದಿತು. ಹೆಂಗಸರು ದೂರ ಸರಿದರು. ಒಂದು ಹಿಂಗಾಲು ಕಾಣಿಸಿದ ಕೂಡಲೇ ತೋಡುತ್ತಿದ್ದವನು ಹಾರೆ ಬಿಟ್ಟು ಹಿಂದಕ್ಕೆ ಬಂದ. ಕಾಲಿನ ಮೇಲೆ ತೊಗಲಿರಲಿಲ್ಲ.

ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆಣೆ ಮುರಿದವರ ಮನೆಗೆ ನೀರಿಲ್ಲ, ಬೆಂಕಿಯಿಲ್ಲ, ಕೊಡುವ ತರುವ ಸಂಬಂಧವಿಲ್ಲ ಎಂದು ಇದೇ ಜನ ಕರ್ಪೂರದ ಮುಂದೆ ಹೇಳಿದ್ದರು. ಗೌಡರ ಹಟ್ಟಿಗೆ ಈ ಸುದ್ದಿ ಹೋದರೆ ನಗುತ್ತಾರೆ, ನಾಳೆಯೇ ಸತ್ತ ದನ ಹೊರಲು ಆಳು ಕಳಿಸುತ್ತಾರೆ. ಲಕ್ಷ್ಮಯ್ಯ ಜನರ ನಡುವೆ ನುಗ್ಗಿದ. "ಯಾರು? ಯಾರು ಮಾಡಿದ್ದು? ಈಗಲೇ ಹೇಳಿಬಿಡಿ," ಎಂದು ಒಬ್ಬೊಬ್ಬರನ್ನೂ ಕೇಳಿದ. ಯಾರೂ ಒಪ್ಪಲಿಲ್ಲ.

ಮುನಿಶಾಮಪ್ಪ ಗುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲನ್ನು ನೋಡಿದ. ಒಂದು ಕಾಲದಲ್ಲಿ ಅವನೂ ಸುಲಿದವನೇ.

"ಗೊರಸಿನ ಮೇಲೆ ನಾಲ್ಕು ಬೆರಳು ಬಿಟ್ಟು ಸುತ್ತ ಕೊಯ್ದವ್ರೆ. ನಮ್ಮ ಕೇರೀಲಿ ಯಾರೂ ಹಂಗೆ ಬಿಡಲ್ಲ. ನಾವು ಗೊರಸಿನ ತನಕ ಎಳೀತೀವಿ." ತಲೆಯೆತ್ತಿ ದೊಡ್ಡಮುನಿಯಪ್ಪನನ್ನು ನೋಡಿದ. "ಇದು ನಿಮ್ಮ ಮನೆ ಕೈ."

ದೊಡ್ಡಮುನಿಯಪ್ಪ ಗುಣಿಯ ಹತ್ತಿರ ಬಂದು ನೋಡಿದ. ಹೌದು. ಅವನ ಅಪ್ಪ ಹೇಳಿಕೊಟ್ಟ ಕೊಯ್ತ. ಆ ಕೊಯ್ತ ಅವನ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ವೆಂಕಟರಮಣಪ್ಪ ರಕ್ತ ನೋಡಿದರೆ ವಾಂತಿ ಮಾಡುವವನು, ಜನ್ಮದಲ್ಲಿ ಒಂದು ದನ ಸುಲಿದವನಲ್ಲ. ಅವನು ಸುಲಿಯುವಾಗ ದನದ ಕಾಲು ಹಿಡಿಯಲು ಬರುತ್ತಿದ್ದವಳು ಮಗಳು. ಹೆಣ್ಣು ಕತ್ತಿ ಹಿಡಿಯಬಾರದೆಂದು ಎಲ್ಲರೂ ಬೈದರೂ, ಅವಳ ಕೈ ಚುರುಕು ನೋಡಿ ನಕ್ಕು ಕತ್ತಿ ಕೊಟ್ಟವನು ಅವನೇ.

ಅವನು ತಿರುಗಿ ನೋಡಿದ. ಮುನಿರತ್ನಮ್ಮ ಹೆಂಗಸರ ಹಿಂದೆ ನಿಂತಿದ್ದಳು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅವಳು ಅಪ್ಪನ ಕಣ್ಣು ತಪ್ಪಿಸಲಿಲ್ಲ.

ಅಳಿಯನ ಮೇಲೆ ತಂದ ಸಾಕ್ಷಿ ಮಗಳ ಕೊರಳಿಗೆ ಬಿದ್ದಿತ್ತು. ಅದನ್ನು ಹೊತ್ತು ತಂದವನು, ಕೇರಿಯನ್ನೆಲ್ಲ ಕೂಗಿ ಕರೆದವನು ಅವನೇ. ಅವಳು ಬಾಯಿ ತೆರೆಯುವುದು ಕಂಡಿತು.

"ಹೌದು," ಎಂದ ದೊಡ್ಡಮುನಿಯಪ್ಪ ಜೋರಾಗಿ. "ನನ್ನದೇ ಕೈ."

ಮಗಳಿಗೆ ಬೆನ್ನು ಮಾಡಿ ಯಜಮಾನನ ಕಡೆ ತಿರುಗಿದ.

"ಹಸು ಸತ್ತಿದ್ದು ನನ್ನ ಕಿವಿಗೆ ಬಿತ್ತು. ಬಂದೆ. ನೀವು ಗುಣಿಯಲ್ಲಿ ಮಲಗಿಸಿ ಹೋದ ಮೇಲೆ ಸುಲಿದೆ. ನಾನು ಸಾಕಿದ ಹಸು ಅದು."

"ಮಾವ, ಏನು ಹೇಳ್ತಿದೀರಿ ನೀವು?" ಎಂದ ಲಕ್ಷ್ಮಯ್ಯ. "ನೀವೇ ಸುಲಿದಿದ್ರೆ ಇವತ್ತು ಬಂದು ನನ್ನ ಮೇಲೆ ಯಾಕೆ ಕೂಗಾಡಿದ್ರಿ?"

ಮುದುಕ ಉತ್ತರ ಹುಡುಕಿದ. ಸಿಕ್ಕಿದ ಉತ್ತರ ಅವನನ್ನು ಹೊಲಸು ಮಾಡುವಂಥದು. ಅದನ್ನೇ ಹೇಳಿದ.

"ಬುಡನ್ ಸಾಬನಿಗೆ ಗೊತ್ತಿತ್ತು. ಇವತ್ತಲ್ಲ ನಾಳೆ ಹೊರಗೆ ಬರೋದು. ಅಷ್ಟರೊಳಗೆ ನಿನ್ನ ಮೇಲೆ ಹಾಕಣ ಅಂತ ಬಂದೆ."

ಕೇರಿ ನಂಬಿತು. ತೊಗಲಿನ ಆಸೆ ಬಿಡದ ಮುದುಕ ಎಂದು ನಂಬುವುದು ಸುಲಭವಾಗಿತ್ತು. ಯಾರೋ ಉಗಿದರು. ಲಕ್ಷ್ಮಯ್ಯನ ತಾಯಿ ಮುನಿತಾಯಮ್ಮ ಎರಡೂ ಕೈಯಲ್ಲಿ ಮಣ್ಣು ತೂರಿ, "ಬೀಗರಂತೆ ಬೀಗರು. ನನ್ನ ಮಗನ ಮನೆ ಹಾಳು ಮಾಡೋಕೆ ಬಂದವ್ನೆ," ಎಂದು ಶಾಪ ಹಾಕಿದಳು.

ಲಕ್ಷ್ಮಯ್ಯ ಹೆಂಡತಿಯ ಕಡೆ ತಿರುಗಿದ. ಅವಳ ಹೆಬ್ಬೆರಳಿನ ಬಟ್ಟೆಯನ್ನು ನೋಡಿದ. ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿತು ಎಂದು ಅವಳು ಹೇಳಿದ್ದಳು. ಮತ್ತೆ ಗುಣಿಯೊಳಗಿನ ಕಾಲಿನ ಕಡೆ ನೋಡಿದ.

ಮುನಿಶಾಮಪ್ಪ ಎದ್ದು ನಿಂತು ತೀರ್ಮಾನ ಹೇಳಿದ. "ಇವತ್ತಿಂದ ನೀನು ಈ ಕೇರಿಗೆ ಕಾಲಿಡಂಗಿಲ್ಲ. ನಮ್ಮ ಕೇರಿಗೆ ಕೊಟ್ಟ ನಿನ್ನ ಮಗಳು ನಿನ್ನ ಹೊಸ್ತಿಲು ತುಳಿಯಂಗಿಲ್ಲ, ಹೆರಿಗೆಗೂ ಇಲ್ಲ. ತಾಯಿ ಬೇಕಾದ್ರೆ ಬಂದು ನೋಡ್ಕೊಂಡು ಹೋಗಲಿ, ಅವಳದೇನು ತಪ್ಪು? ಲಕ್ಷ್ಮಯ್ಯ, ನೀನು ಆಣೆಗೆ ಮೊದಲು ನಿಂತೋನು. ಒಪ್ಪಿಗೆಯೇನಪ್ಪಾ?"

"ಒಪ್ಪಿಗೆ," ಎಂದ ಲಕ್ಷ್ಮಯ್ಯ. ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ಅಪ್ಪ," ಎಂದು ಮುನಿರತ್ನಮ್ಮ ಒಂದು ಹೆಜ್ಜೆ ಮುಂದಿಟ್ಟಳು.

"ಬಾಯಿ ಮುಚ್ಕೊಂಡು ನಿನ್ನ ಗಂಡನ ಮನೆಗೆ ಹೋಗು," ಎಂದು ಗದರಿದ ದೊಡ್ಡಮುನಿಯಪ್ಪ. ಹುಟ್ಟಿದಾಗಿನಿಂದ ಅವಳಿಗೆ ಅವನು ಗದರಿದ್ದು ಅದೇ ಮೊದಲು.

ವಿಜಯಪುರಕ್ಕೆ ಸುದ್ದಿ ಅವನಿಗಿಂತ ಮುಂಚೆ ಬಸ್ಸಿನಲ್ಲಿ ಬಂದಿತ್ತು. ವೆಂಕಟರಮಣಪ್ಪ ಬಾಗಿಲಲ್ಲೇ ತಡೆದ.

"ನಿಜವೇನಪ್ಪಾ? ನೀನೇ ಸುಲಿದು, ಸಾಬನ ಕೈಲಿ ಕೊಟ್ಟು, ನನ್ನ ಕೈಲೇ ಕೊಳ್ಳೋ ಹಂಗೆ ಮಾಡಿದ್ಯಾ?"

"ಹೂಂ."

"ಯಾಕೆ?"

"ತೊಗಲು ಬೇಕಾಗಿತ್ತು."

ಮಗ ಮರುದಿನವೇ ಬುಡನ್ ಸಾಬನನ್ನು ಹುಡುಕಿಕೊಂಡು ಹೋದ. ಬುಡನ್ ಸಾಬ್ ಸೈಕಲ್ಲಿನ ಚೈನು ಸರಿಮಾಡುತ್ತ, ತಲೆಯೆತ್ತದೆ, "ನಿಮ್ಮಪ್ಪ ಹೇಳಿದ್ದೇ ಸರಿ ಅಣ್ಣಾ. ನನ್ನ ಏನೂ ಕೇಳಬೇಡ," ಎಂದ. ಗೋಣಿಚೀಲ ಕೊಡುವಾಗ ಮುನಿರತ್ನಮ್ಮ ಏನು ಬೇಡಿಕೊಂಡಿದ್ದಳೋ, ಅವನು ಆ ಮಾತನ್ನು ಉಳಿಸಿಕೊಂಡ.

ಅಲ್ಲಿಗೆ ವೆಂಕಟರಮಣಪ್ಪ ಅಪ್ಪನೊಂದಿಗೆ ಮಾತು ಬಿಟ್ಟ. ತೂತು ಬಿದ್ದ ತೊಗಲು ದಿಮ್ಮಿಯ ಮೇಲೇ ಉಳಿದು ಕೊಳೆತು ಹೋಯಿತು. ಅವನು ಅದನ್ನು ಎತ್ತಿ ದೂರ ಹೂತು ಬಂದು, ತೊಟ್ಟಿಗಳಿಗೆ ಕಲ್ಲು ಮಣ್ಣು ತುಂಬಿದ. ದೊಡ್ಡಮುನಿಯಪ್ಪ ತಡೆಯಲಿಲ್ಲ. ಮುತ್ಯಾಲಮ್ಮ ಮೊದಲ ದಿನ ಎದೆ ಬಡಿದುಕೊಂಡು ಅತ್ತಳು, "ಚೊಚ್ಚಲ ಹೆರಿಗೆಗೆ ತೌರಿಲ್ಲದ ಹಂಗೆ ಮಾಡಿದ್ಯಲ್ಲ, ನೀನು ಅಪ್ಪನಾ?" ಎಂದಳು. ಆಮೇಲೆ ಅವಳೂ ಸುಮ್ಮನಾದಳು. ಮುದ್ದೆ ತಂದು ಅವನ ಮುಂದೆ ಇಡುತ್ತಿದ್ದಳು, ಹೋಗುತ್ತಿದ್ದಳು. ಸಾರು ಸಾಕೇ ಬೇಕೇ ಎಂದು ಕೇಳುತ್ತಿರಲಿಲ್ಲ. ಮಗಳ ದಿನ ತುಂಬುವ ಹೊತ್ತಿಗೆ ತಾನೊಬ್ಬಳೇ ಹೋಗಿ ಬಾಣಂತನ ಮಾಡಿ ಬರುವುದೆಂದು ನಿಶ್ಚಯಿಸಿ ಒಣಶುಂಠಿ, ಓಮ, ಹಳೆ ಸೀರೆ ಕೂಡಿಡತೊಡಗಿದ್ದಳು.

ಒಂದು ಮಧ್ಯಾಹ್ನ ಸಾರು ಬಡಿಸಲು ಬಂದವಳು ಕದಿರಮ್ಮ. ಸುತ್ತ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹೇಳಿದಳು.

"ಮಾವ, ಅವತ್ತು ನೀರು ಹುಯ್ತಿದ್ದೋಳು ನಾನು. ಕದ್ದೋರು ಕದ್ದ ಮಾಲು ನೋಡಿ ಹಂಗೆ ಬೆಚ್ಚಿಬೀಳಲ್ಲ."

ತುತ್ತು ಮುರಿಯುತ್ತಿದ್ದವನು ತಲೆಯೆತ್ತಿದ. ಈ ಮನೆಯಲ್ಲಿ ಅವನನ್ನು ಸರಿಯಾಗಿ ನೋಡಿದವಳು ಅವನ ತೊಟ್ಟಿಯ ವಾಸನೆ ತಾಳದ ಸೊಸೆ.

"ನೀನೇನೂ ನೋಡಿಲ್ಲ ಕಣಮ್ಮ."

"ನಿಮ್ಮ ಮಗನಿಗಾದ್ರೂ ಹೇಳ್ತೀನಿ. ಅವರು ನಿಮ್ಮ ಮುಖಾನೂ ನೋಡ್ತಿಲ್ಲ."

"ಅವನಿಗೆ ಹೇಳಿದ್ರೆ ಅವನು ಸಿಟ್ಟಲ್ಲಿ ಇನ್ನೊಬ್ಬರಿಗೆ ಹೇಳ್ತಾನೆ. ನನ್ನಾಣೆ. ಹೇಳಬೇಡ."

ಕದಿರಮ್ಮನಿಗೆ ಅಷ್ಟಿಷ್ಟು ಅರ್ಥವಾಗಿರಬೇಕು. ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಮುಂಗಾರು ಹಿಡಿದ ಮೇಲೆ ಒಂದು ಸಂಜೆ ಲಕ್ಷ್ಮಯ್ಯ ಕಾರ್ಖಾನೆಯ ಬಟ್ಟೆಯಲ್ಲೇ ಅಂಗಡಿಯ ಮುಂದೆ ಬಂದು ನಿಂತ. ಚಪ್ಪರದೊಳಗೆ ಬರಲಿಲ್ಲ. ರಸ್ತೆಯ ಮೇಲೇ ನಿಂತ. ವೆಂಕಟರಮಣಪ್ಪ ದಾರ ತರಲು ಪೇಟೆಗೆ ಹೋಗಿದ್ದ. ದೊಡ್ಡಮುನಿಯಪ್ಪ ಮೂಲೆಯ ಚಾಪೆಯ ಮೇಲೆ ಯಾರದೋ ಹರಿದ ಚಪ್ಪಲಿ ಹಿಡಿದಿದ್ದ.

"ಮಾವ, ಅವಳು ಎಲ್ಲ ಹೇಳಿದ್ಲು."

"ಅವಳು ಏನೂ ಹೇಳಿಲ್ಲ. ನೀವು ಏನೂ ಕೇಳಿಲ್ಲ. ಹೋಗಿ ಅಳಿಯಂದ್ರೇ."

"ಅಪ್ಪನ ತೊಟ್ಟಿ ಬರಿದಾಗೈತೆ, ಅಪ್ಪ ಸಾಕಿದ ಹಸು ಮಣ್ಣು ಪಾಲು ಮಾಡೋಕೆ ಮನಸ್ಸು ಬರಲಿಲ್ಲ ಅಂದ್ಲು. ಗುಣಿ ತೋಡಿದೋರನ್ನ ಊಟಕ್ಕೆ ಕಳಿಸಿ, ಅರಿಶಿನ ಕುಂಕುಮ ಇಟ್ಟು ನಾನೇ ಮಣ್ಣು ಎಳೀತೀನಿ ಅಂತ ಒಬ್ಬಳೇ ಉಳಿದಿದ್ದಳು. ತೊಗಲಿಗೆ ಉಪ್ಪು ಹೊಡೆದು ಬುಡನ್ ಸಾಬನ ಕೈಲಿ ನಿಮಗೆ ಸೇರೋ ಹಂಗೆ ಕಳ್ಸವಳೆ. ಮನೆ ಉಪ್ಪಿನ ಮಡಕೆ ಖಾಲಿಯಾಗಿದ್ದು ನಮ್ಮವ್ವನಿಗೂ ಗೊತ್ತಾಗಲಿಲ್ಲ."

ದೊಡ್ಡಮುನಿಯಪ್ಪ ದಬ್ಬಣ ಕೆಳಗಿಟ್ಟ. "ಈಗ ಯಾಕೆ ಬಂದ್ರಿ?"

"ನಾಳೆ ಯಜಮಾನರ ಮುಂದೆ ನಿಜ ಹೇಳಿ ತೌರಿಗೆ ಬರ್ತೀನಿ ಅಂತ ಹಟ ಹಿಡಿದವಳೆ. ಅಪ್ಪನ ಮೇಲೆ ಕಳ್ಳತನ ಹೊರಿಸಿ ನನಗೆ ಅನ್ನ ಇಳೀತಿಲ್ಲ ಅಂತಾಳೆ. ನಾನು ಬೇಡ ಅಂತ ಹೆಂಗೆ ಹೇಳಲಿ ಮಾವ? ಅವತ್ತು ಒಪ್ಪಿಗೆ ಅಂದ ಬಾಯಿ ನನ್ನದು. ನಾನೂ ಸುಳ್ಳನಾದೆ."

"ಅವಳು ಹೇಳಿದ್ರೆ?"

"ನಮ್ಮನೆಗೆ ನೀರು ಬೆಂಕಿ ನಿಲ್ಲಿಸ್ತಾರೆ. ನಿಲ್ಲಿಸ್ಬೇಕು. ನನ್ನ ಹೆಂಡತೀನ ಬಿಟ್ರೆ ನಾಳೆ ಇನ್ನೊಬ್ಬರನ್ನ ಬಿಡ್ಬೇಕಾಗ್ತದೆ. ಆಮೇಲೆ ಗೌಡರು ಹೇಳಿದ ಹಂಗೆ ಕೇಳ್ಬೇಕಾಗ್ತದೆ."

ಮುದುಕನಿಗೆ ಮಗಳ ಮೇಲೆ ಪ್ರೀತಿ ಉಕ್ಕಿ ಬಂತು, ಎದ್ದು ಅಳಿಯನ ಬಸ್ಸಿನಲ್ಲೇ ಹೋಗಿ ಅವಳನ್ನು ಕರೆತರಬೇಕೆನ್ನಿಸಿತು. ಹಾಗೆ ಮಾಡಿದರೆ ಅವಳಿಗೆ ತಿರುಗಿ ಹೋಗಲು ಗಂಡನ ಮನೆ ಉಳಿಯುವುದಿಲ್ಲ.

"ಹಂಗಾದ್ರೆ ಅವಳಿಗೆ ಹೋಗಿ ಹೇಳಿ. ಅಪ್ಪ ಬಾಗಿಲು ತೆಗೆಯಲ್ಲ ಅಂದ. ಹೆರಿಗೆಗೂ ಬೇಡ, ಹಬ್ಬಕ್ಕೂ ಬೇಡ. ನೀನು ನಿಜ ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನನ್ನ ಮಾನ ಕಳೆದ ಮಗಳ ಮುಖ ನೋಡಲ್ಲ ಅಂತ ಉಗಿದ ಅಂತ ಹೇಳಿ."

"ಹಂಗೆ ಹೇಳಲಾ ಮಾವ?"

"ಅವಳು ನಂಬೋ ಹಂಗೆ ಹೇಳಿ. ಬರೋಕೆ ತೌರಿಲ್ಲ ಅಂತ ಗೊತ್ತಾದ್ರೆ ಬಾಯಿ ಬಿಡಲ್ಲ."

ಲಕ್ಷ್ಮಯ್ಯ ರಸ್ತೆಯಲ್ಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಕುಂದಾಣದ ಬಸ್ಸು ಹಿಡಿಯಲು ಹೋದ.

ದೊಡ್ಡಮುನಿಯಪ್ಪ ತಿರುಗಿದಾಗ ಒಳಬಾಗಿಲಲ್ಲಿ ಮುತ್ಯಾಲಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಹಿಡಿದ ದೀಪದ ಬುಡ್ಡಿ ಓರೆಯಾಗಿ ಸೀಮೆಎಣ್ಣೆ ಸೀರೆಯ ಮೇಲೆ ಚೆಲ್ಲುತ್ತಿತ್ತು. ಅವನು ಎದ್ದು ಅದನ್ನು ತೆಗೆದುಕೊಂಡು ಕೆಳಗಿಟ್ಟ.

"ಅವಳು ಸುಲಿದಿದ್ದಾ?" ಎಂದಳು. ಇಷ್ಟು ವಾರಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು.

"ಹೂಂ."

"ಬಸುರಿ ಹೆಂಗ್ಸು. ಗುಣಿಯೊಳಗೆ ಇಳಿದು. ಒಬ್ಬಳೇ."

"ಹೂಂ."

ಅವಳು ಬಂದು ಅವನ ಚಾಪೆಯ ಮೇಲೆ ಕೂತಳು. ಗಂಡನನ್ನು ಏನೆಲ್ಲ ಅಂದಿದ್ದಳೋ ಅದೆಲ್ಲ ಅವಳಿಗೆ ನೆನಪಾಯಿತು. ಅವನ ಕೈಯನ್ನು ಹಿಡಿದುಕೊಂಡಳು, ಆದರೆ ಕ್ಷಮಿಸು ಎನ್ನಲಿಲ್ಲ, ಅವರಿಬ್ಬರ ನಡುವೆ ಆ ಮಾತಿನ ಅಭ್ಯಾಸವಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಅಂಗಡಿಯ ಕತ್ತಲೆಯ ಕಡೆ ನೋಡುತ್ತ ಹೇಳಿದಳು:

"ಹಂಗಾದ್ರೆ ಹೆರಿಗೆಗೆ ನಾನೂ ಹೋಗಂಗಿಲ್ಲ. ನನ್ನ ಮುಖ ನೋಡಿದ್ರೆ ನೀನು ಹೇಳಿ ಕಳ್ಸಿದ್ದು ಸುಳ್ಳು ಅಂತ ಅವಳಿಗೆ ಗೊತ್ತಾಗಿಬಿಡ್ತದೆ."

ದೊಡ್ಡಮುನಿಯಪ್ಪ ಎದ್ದು ಹೋಗಿ, ಅವಳು ಬಾಣಂತನಕ್ಕೆ ಕೂಡಿಟ್ಟಿದ್ದ ಒಣಶುಂಠಿ, ಓಮ, ಹಳೆ ಸೀರೆಯ ಗಂಟನ್ನು ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲಿಟ್ಟ.